ಎಣಿಸದೆ ಕಟ್ಟಿದ ದಾರ

ಚೇತನಕುಮಾರನಿಗೆ ಇಪ್ಪತ್ತೇಳು ವರ್ಷವಾಗುವತನಕ ಯಾರೂ ಯಾವುದನ್ನೂ ನಂಬಿ ಕೊಟ್ಟಿರಲಿಲ್ಲ. ಮನೆಯಲ್ಲಿ ಅವ್ವ ಹಾಲಿನ ಪಾತ್ರೆಯನ್ನು ಕೂಡ ಅವನ ಮೇಲೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಒಮ್ಮೆ ಬಿಟ್ಟಾಗ ಅದು ಉಕ್ಕಿ ಒಲೆಯನ್ನೇ ಆರಿಸಿತ್ತು. ದಿನಾ ಮುಂಜಾನೆ ಬಬಲೇಶ್ವರದಲ್ಲಿ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ಡಾಕ್ಟರ್ ಸುಧೀರರ ದನದ ದವಾಖಾನೆಯಲ್ಲಿ ನಾಯಿಗಳ ಬಾಯಿ, ಆಡುಗಳ ಕಾಲು, ಎಮ್ಮೆಗಳ ಬಾಲ ಹಿಡಿಯುವುದು ಅವನ ನೌಕರಿ. "ಏನ್ ಕೆಲಸಪಾ?" ಎಂದು ಯಾರಾದರೂ ಕೇಳಿದರೆ "ಹಿಡಕೊಳ್ಳೂದ್ರಿ" ಎನ್ನುತ್ತಿದ್ದ. ಹೆಣ್ಣು ನೋಡಲು ಹೋದ ಮನೆಯಲ್ಲೂ ಹಾಗೇ ಹೇಳಿ, ಅವಲಕ್ಕಿ ತಿಂದು ಎದ್ದು ಬಂದಿದ್ದ.

ಅಂಥವನಿಗೆ ಡಾಕ್ಟರು ಶ್ರಾವಣದಲ್ಲಿ ತುರ್ತು ಪೆಟ್ಟಿಗೆಯನ್ನು ಒಪ್ಪಿಸಿದರು. ಕೆಂಪು ಬಳಿದ ತಗಡಿನ ಪೆಟ್ಟಿಗೆ. ಮೇಜಿನ ಮೇಲಿನ ಪ್ರಾಣಿ ಇದ್ದಕ್ಕಿದ್ದಂತೆ ಕುಸಿದರೆ ಬೇಕಾಗುವುದೆಲ್ಲ ಅದರಲ್ಲಿ: ಉಸಿರು ತುಂಬುವ ರಬ್ಬರಿನ ಚೀಲ, ಗಂಟಲಿಗೆ ಇಳಿಸುವ ಕೊಳವೆ, ಸೂಜಿ, ಸಲಾಯಿನ್, ಮತ್ತು ಎಲ್ಲಕ್ಕಿಂತ ಮೊದಲು ಕೈಗೆ ಸಿಗಬೇಕಾದ ಅಡ್ರಿನಲಿನ್, ಬೆರಳುದ್ದದ ಆರು ಗಾಜಿನ ಆಂಪೂಲು. ದಿನಾ ಎಲ್ಲವನ್ನೂ ಎಣಿಸಬೇಕು, ಗೋಡೆಯ ಕಾರ್ಡಿನ ಮೇಲೆ ಸಹಿ ಹಾಕಬೇಕು, ಪೆಟ್ಟಿಗೆಗೆ ಬಿಳಿ ದಾರ ಕಟ್ಟಬೇಕು. ದಾರ ಇದ್ದರೆ ಪೆಟ್ಟಿಗೆ ತಯಾರಿದೆ ಎಂದರ್ಥ. ಯಾರೂ ಬಿಚ್ಚಿ ನೋಡುವ ಕಾರಣವಿಲ್ಲ.

"ಈ ದಾರ ಅಂದ್ರ ನಿನ್ನ ಮಾತು, ನೋಡು," ಎಂದಿದ್ದರು ಡಾಕ್ಟರು. ಅವತ್ತು ಸಂಜೆ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಚೇತನಕುಮಾರ ಎದೆ ಮುಂದು ಮಾಡಿಕೊಂಡು ಬಬಲೇಶ್ವರದತನಕ ನಿಂತೇ ಹೋದ.

ಈ ಕೆಲಸ ಕೊಡಿಸಿದವರೂ ಕಲಿಸಿದವರೂ ಬಸಗೊಂಡಪ್ಪ ಕಾಕಾ. ತಿಕೋಟಾದವರು, ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕಂಪೌಂಡರ್. ಆಡಿನ ಕುತ್ತಿಗೆಯಲ್ಲಿ ನರ ಎಲ್ಲಿ ಅಡಗಿರುತ್ತದೆ ಎಂದು ಚೇತನಕುಮಾರನ ಹೆಬ್ಬೆರಳು ಹಿಡಿದು ತೋರಿಸಿದ್ದು ಅವರೇ. ಮಧ್ಯಾಹ್ನ ಇಬ್ಬರೂ ಒಂದೇ ಬುತ್ತಿ ಬಿಚ್ಚುತ್ತಿದ್ದರು. ಶೇಂಗಾ ಹಿಂಡಿಯ ದೊಡ್ಡ ಪಾಲು ಇವನಿಗೇ. ರವಿವಾರ ಕಾಕಾ ಮೋಟರ್‌ಸೈಕಲ್ ಹತ್ತಿ ಕಳ್ಳಕವಟಗಿ, ಘೋಣಸಗಿ ಕಡೆ ಹೋಗಿ ತಾವೇ ದನಗಳಿಗೆ ಸೂಜಿ ಮಾಡಿ ಬರುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ತಮ್ಮ ಕೈ ಮೀರಿದ್ದನ್ನು ಅವರು ಡಾಕ್ಟರ ಕಡೆಗೇ ಕಳಿಸುತ್ತಿದ್ದರು.

ಮಹಾನವಮಿ ಬಂತು. ಖಂಡೇಪೂಜೆಗೆ ಕತ್ತರಿ, ಚಿಮಟ, ತಕ್ಕಡಿ ಎಲ್ಲ ತೊಳೆದು ಸಾಲಾಗಿ ಇಟ್ಟರು.

"ಪೆಟ್ಟಿಗಿನೂ ಇಡು ತಮ್ಮಾ," ಎಂದರು ಕಾಕಾ. "ಜೀವಾ ಉಳಿಸೂದು ಅದ. ಅದಕ್ಕ ಪೂಜಿ ಇಲ್ಲಂದ್ರ ಹೆಂಗ?"

ಚೇತನಕುಮಾರನಿಗೆ ಅಷ್ಟೇ ಸಾಕಾಗಿತ್ತು. ಪೆಟ್ಟಿಗೆ ಬಿಚ್ಚಿ ಒಂದೊಂದನ್ನೂ ಹೊರಗೆ ತೆಗೆದು ವಿಭೂತಿ ಹಚ್ಚಿದ. ರಬ್ಬರಿನ ಚೀಲಕ್ಕೆ ಸೇವಂತಿ ಹೂ ಏರಿಸಿದ. ಆರು ಆಂಪೂಲಿಗೆ, ಮದುವೆಯಲ್ಲಿ ಬೀಗತಿಯರಿಗೆ ಇಟ್ಟಂತೆ, ಆರು ಕುಂಕುಮದ ಬೊಟ್ಟು ಇಟ್ಟ. ಅವತ್ತು ದವಾಖಾನೆಗೆ ಸೂಟಿ. ಪೂಜೆಗಿಟ್ಟದ್ದನ್ನು ಮರುದಿನದತನಕ ಮುಟ್ಟುವ ಹಾಗಿಲ್ಲ.

ದಶಮಿಯ ಮುಂಜಾನೆ ಅವನು ಬರುವಷ್ಟರಲ್ಲಿ ಕಾಕಾ ಪೂಜೆ ಎತ್ತಿ, ಪೆಟ್ಟಿಗೆ ತುಂಬಿ, ಮುಚ್ಚಳ ಹಾಕಿದ್ದರು.

"ಎಲ್ಲಾ ಒಳಗಿಟ್ಟೇನಿ. ದಾರಾ ಕಟ್ಟು."

"ಒಮ್ಮಿ ಎಣಿಸ್ತೇನ್ರಿ ಕಾಕಾ."

"ಲೇ, ಪೂಜಿ ಆದದ್ದನ್ನ ಮತ್ತ ಬಿಚ್ಚಿ ಎಣಿಸ್ತಾರೇನು? ದೇವ್ರಿಗೆ ಲೆಕ್ಕಾ ಕೇಳಿದಂಗ ಆಗತೈತಿ. ನಾ ನೋಡೇನಲ್ಲ!"

ದೇವರಿಗೆ ಲೆಕ್ಕ ಕೇಳುವಷ್ಟು ದೊಡ್ಡ ಮನುಷ್ಯ ತಾನಲ್ಲ ಎಂದುಕೊಂಡು ಚೇತನಕುಮಾರ ಸಹಿ ಹಾಕಿದ, ದಾರ ಕಟ್ಟಿದ. ಹಬ್ಬವೆಂದು ಗಂಟನ್ನು ಕೂಡ ಹೂವಿನಂತೆ ಕಟ್ಟಿದ.

ಹತ್ತು ಗಂಟೆಗೆ ಘೋಣಸಗಿಯಿಂದ ಗೌರಾಬಾಯಿ ಬಂದಳು. ಅರವತ್ತರ ಆಸುಪಾಸಿನ ಹೆಂಗಸು. ಅವಳೂರಿನ ಅಯೂಬ ಓಡಿಸುವ ಮೂರು ಗಾಲಿಯ ಟಂಟಂನಲ್ಲಿ, ತೊಡೆಯ ಮೇಲೆ ಕರೀ ನಾಯಿ. ದ್ರಾಕ್ಷಿ ತೋಟಕ್ಕೆ ನುಗ್ಗಿದ ಕಾಡುಹಂದಿ ಅದರ ಪಕ್ಕೆ ಸೀಳಿತ್ತು.

"ಕಾಳ್ಯಾ ಅಂತ ಇದರ ಹೆಸರು. ನನ್ನ ಮಕ್ಕಳಿಗಿಂತ ಹೆಚ್ಚು ಮಾತು ಕೇಳತೈತಿ," ಎಂದಳು. "ಮಕ್ಕಳ ಮುಂದ ಹೇಳಬ್ಯಾಡ್ರಿ ಮತ್ತ."

ಡಾಕ್ಟರು ಗಾಯ ತೊಳೆದು ಹೊಲಿಗೆ ಹಾಕಿದರು. ಕಾಳ್ಯಾ ಒಮ್ಮೆ ಕೂಡ ಹಲ್ಲು ತೋರಿಸಲಿಲ್ಲ. ಕೊನೆಗೆ ಕೀವು ಆಗದಂತೆ ಒಂದು ಇಂಜಕ್ಷನ್. ಸೂಜಿ ತೆಗೆದು ಎರಡು ನಿಮಿಷವಾಗಿರಲಿಲ್ಲ, ನಾಯಿಯ ಮುಸುಡಿ ಊದಿತು, ವಾಂತಿಯಾಯಿತು, ನಾಲ್ಕೂ ಕಾಲು ಮಡಚಿ ಬಿದ್ದಿತು. ಔಷಧ ಮೈಗೆ ಆಗಿ ಬಂದಿರಲಿಲ್ಲ. ಸಾವಿರಕ್ಕೊಂದು ಪ್ರಾಣಿಗೆ ಹೀಗಾಗುತ್ತದೆ. ಪೆಟ್ಟಿಗೆ ಇರುವುದೇ ಆ ಒಂದಕ್ಕೆ.

"ಅಡ್ರಿನಲಿನ್!"

ಚೇತನಕುಮಾರ ದಾರ ಹರಿದ. ಚೀಲ ಇತ್ತು, ಕೊಳವೆ ಇತ್ತು, ಸಲಾಯಿನ್ ಇತ್ತು. ಅಡ್ರಿನಲಿನ್ನಿನ ಡಬ್ಬಿಯ ಮೇಲೆ ಮೂರು ಎಳೆ ವಿಭೂತಿ ಇತ್ತು. ಡಬ್ಬಿಯೊಳಗೆ ಏನೂ ಇರಲಿಲ್ಲ.

"ಇಲ್ರಿ ಸರ್."

"ಇಲ್ಲಾ ಅಂದ್ರ? ಓಡು, ಎಲ್ಲಿಂದಾದರೂ ತಗೊಂಬಾ!"

ಓಡಿದ. ಹಬ್ಬದ ದಿನ, ಮೊದಲ ಎರಡು ಔಷಧದ ಅಂಗಡಿಗಳಿಗೆ ಮಾವಿನ ತೋರಣ, ಕೆಳಗೆ ಎಳೆದ ಶಟರು. ಚೆಂಡುಹೂವಿನ ರಾಶಿ ಹಾಯ್ದು, ಯಾರದೋ ಬುಟ್ಟಿ ಒದ್ದು, ಬೈಸಿಕೊಂಡು, ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ತಿರುಗಿ ಬಂದಾಗ ಡಾಕ್ಟರು ನಾಯಿಯ ಎದೆ ಒತ್ತುವುದನ್ನು ನಿಲ್ಲಿಸಿದ್ದರು. ಕಾಕಾ ಇನ್ನೂ ಅದರ ಹಿಂಗಾಲು ಹಿಡಿದುಕೊಂಡೇ ನಿಂತಿದ್ದರು. ಗೌರಾಬಾಯಿ ಸೆರಗಿನಿಂದ ಅದರ ಬಾಯಿ ಒರೆಸುತ್ತಿದ್ದಳು.

ಡಾಕ್ಟರು ಅವನನ್ನು ಪಕ್ಕದ ಖೋಲಿಗೆ ಕರೆದರು. ಕಾಕಾ ಹಿಂದೆ ಬಂದರು.

"ಕಾರ್ಡಿನ ಮ್ಯಾಲೆ ಯಾರ ಸಹಿ ಅದ?"

"ನಂದರಿ. ಕಾಕಾ ನೋಡೇನಿ ಅಂದ್ರು, ಅದಕ್ಕ..."

"ನಾ ಎಣಿಸಿ ಕಟ್ಟು ಅಂದಿದ್ದೆ," ಎಂದರು ಬಸಗೊಂಡಪ್ಪ ಕಾಕಾ. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. "ಹೋಗ್ಲಿ ಬಿಡ್ರಿ ಸರ್, ಬೈಬ್ಯಾಡ್ರಿ. ಇನ್ನೂ ಸಣ್ಣಾವ. ಹಬ್ಬದ ಗುಂಗಿನಾಗ ಮರತಾನ."

ತನ್ನ ಪರವಾಗಿ ಬೇಡಿಕೊಳ್ಳುತ್ತಿರುವ ಮನುಷ್ಯನನ್ನು ಸುಳ್ಳುಗಾರ ಎನ್ನುವುದು ಹೇಗೆ? ತಾನೇ ಮರೆತಿರಬಹುದೇ ಎಂದು ಒಂದು ಗಳಿಗೆ ಚೇತನಕುಮಾರನಿಗೆ ಅನ್ನಿಸಿತು ಕೂಡ. ಮರೆಯುವುದರಲ್ಲಿ ಅವನ ಹೆಸರು ಮೊದಲೇ ಚಲೋ ಇರಲಿಲ್ಲ.

ಹೆಣ ಸುತ್ತಲು ಚೀಲ ಬೇಕಿತ್ತು. ಕಾಕಾನ ಮೋಟರ್‌ಸೈಕಲ್ಲಿನ ಪಕ್ಕದ ಡಬ್ಬಿಯಲ್ಲಿ ಯಾವಾಗಲೂ ಒಂದು ಗೋಣಿಚೀಲ ಇರುತ್ತದೆ. ಎಷ್ಟೋ ಸಲ ಅವನೇ ತೆಗೆದಿದ್ದ. ತೆಗೆದ. ಚೀಲದ ಕೆಳಗೆ ಕಾಕಾನ ರವಿವಾರದ ಸೂಜಿ, ಔಷಧ. ಅವುಗಳ ನಡುವೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹತ್ತಿಯಲ್ಲಿ ಜೋಪಾನವಾಗಿ ಮಲಗಿಸಿದ ಆರು ಆಂಪೂಲು. ಆರಕ್ಕೂ ಒಂದೊಂದು ಕುಂಕುಮದ ಬೊಟ್ಟು. ತನ್ನ ಬೆರಳಿನದೇ.

ನಾಯಿ ಮಲಗಿದ್ದ ಮೇಜಿಗೂ ಆ ಗಾಡಿಗೂ ಹದಿನಾಲ್ಕು ಹೆಜ್ಜೆ. ವಾಪಸು ಬರುವಾಗ ಎಣಿಸಿದ. ಎಣಿಸಬೇಕಾದಾಗ ಎಣಿಸದವನಿಗೆ ಈಗ ಎಣಿಕೆ ಬಂದಿತ್ತು.

ಬಾಗಿಲಲ್ಲಿ ಕಾಕಾ ಎದುರಾದರು. ಅವನ ಅಂಗೈಯಲ್ಲಿದ್ದ ಆಂಪೂಲುಗಳನ್ನು ನೋಡಿದರು.

"ನೀವು ಅಲ್ಲೇ ನಿಂತಿದ್ರಿ ಕಾಕಾ. ನಾ ಪ್ಯಾಟಿ ತುಂಬ ಓಡಾಕತ್ತಿದ್ದೆ. ನೀವು ಅದರ ಕಾಲು ಹಿಡಕೊಂಡು ನಿಂತಿದ್ರಿ."

"ಹೋದ ತಿಂಗಳ ಕಳ್ಳಕವಟಗ್ಯಾಗ ಒಂದು ಆಕಳ ಹಿಂಗ ಬಿತ್ತಪಾ," ಕಾಕಾ ಮೆಲ್ಲಗೆ ಹೇಳಿದರು. "ನನ್ನ ಹಂತ್ಯಾಕ ಇದು ಇರಲಿಲ್ಲ. ಅಂಜಿದ್ದೆ, ಅದಕ್ಕ ತಗೊಂಡೆ. ನಾಳೆ ಹೊಸಾವ ತಂದು ಇಡಾಂವ ಇದ್ದೆ."

"ಇವತ್ತ ಹೊರಗ ತಂದಿದ್ರ ನಾಯಿ ಉಳೀತಿತ್ತು."

"ತಂದಿದ್ರ ನಾ ಉಳೀತಿದ್ದಿಲ್ಲ. ನಿನಗ ಇಪ್ಪತ್ತೇಳು, ನನಗ ಐವತ್ತೆಂಟು. ನೀ ಎಲ್ಲಿಯರ ನಿಂದರ್ತಿ. ನನ್ನ ಯಾರು ಇಟ್ಕೊಂತಾರ?"

ಅವರು ಅವನ ಹೆಗಲ ಮೇಲೆ ಕೈ ಇಟ್ಟರು. ನರ ಹುಡುಕಲು ಕಲಿಸಿದ ಅದೇ ಕೈ. ಚೇತನಕುಮಾರ ಹೆಗಲು ಕೆಳಗೆ ಮಾಡಿ ಜಾರಿಕೊಂಡು ಒಳಗೆ ಹೋದ.

ಡಾಕ್ಟರ ಮುಂದೆ ಆರೂ ಆಂಪೂಲು ಇಟ್ಟ. ಅವರು ಬೊಟ್ಟು ನೋಡಿದರು, ಕಿಟಕಿಯಾಚೆಯ ಮೋಟರ್‌ಸೈಕಲ್ಲು ನೋಡಿದರು. ಎಲ್ಲಿ ಸಿಕ್ಕವು ಎಂದು ಕೇಳಲಿಲ್ಲ.

"ಚೇತನ್, ಹಳ್ಳಿಯಿಂದ ನಾಕು ಮಂದಿ ಬಂದ್ರ ಅದರಾಗ ಮೂರು ಮಂದಿ ಅವನ ಹೆಸರು ಹೇಳಿ ಬರ್ತಾರ. ಅವನ್ನ ಬಿಟ್ಟು ಈ ದವಾಖಾನಿ ನಡಸಲಿಕ್ಕೆ ನನಗ ಆಗೂದಿಲ್ಲ."

"ಆ ಯವ್ವಗ ಏನ್ ಹೇಳೂದ್ರಿ?"

"ನಂಜು ಏರಿತ್ತು ಅಂತ ಹೇಳೀನಿ. ನೀ ಹೆಚ್ಚೇನೂ ಹೇಳಲಿಕ್ಕೆ ಹೋಗಬ್ಯಾಡ." ಆಂಪೂಲುಗಳನ್ನು ಡಬ್ಬಿಗೆ ಹಾಕಿದರು. "ಮತ್ತ ಪೆಟ್ಟಿಗಿ ನಾಳೆಯಿಂದ ಬಸಗೊಂಡಪ್ಪ ನೋಡ್ಲಿ. ಹಿರಿಯ ಮನಷ್ಯಾ. ನೀ ಸ್ವಲ್ಪ ದಿನ ದೂರ ಇರು."

ಅಳು ಬರಬೇಕಾದಲ್ಲಿ ಚೇತನಕುಮಾರನಿಗೆ ನಗು ಬಂತು. ನಕ್ಕದ್ದಕ್ಕೆ ಡಾಕ್ಟರು ಸಿಟ್ಟಾದರು. ಆ ದಿನ ಅವನ ಮೇಲೆ ಬಂದ ದೂರುಗಳಲ್ಲಿ ನಿಜವಾದದ್ದು ಈ ನಗುವಿನದೊಂದೇ ಎಂದುಕೊಳ್ಳಬೇಕೆಂದಿದ್ದ. ಆದರೆ ಕಾರ್ಡಿನ ಮೇಲಿನ ಸಹಿ ಕಣ್ಣಿಗೆ ಬಿತ್ತು. ಅದೂ ನಿಜವೇ ಇತ್ತು.

ಹೆಣ ಎತ್ತಿ ಟಂಟಂನಲ್ಲಿಟ್ಟವನು ಇಳಿಯಲಿಲ್ಲ. "ನಾನೂ ಬರ್ತೇನಬೇ," ಎಂದ. ಗೌರಾಬಾಯಿ ಸರಿದು ಕುಳಿತಳು. ತಿಕೋಟಾ ದಾಟಿದ ಮೇಲೆ ಎಲ್ಲ ಹೇಳಿದ: ಕಾಕಾ, ಗಾಡಿಯ ಡಬ್ಬಿ, ಡಾಕ್ಟರು. ಕಡೆಗೆ, "ನಾ ಎಣಿಸಲಿಲ್ಲಬೇ. ನೋಡದ ಸಹಿ ಹಾಕಿದೆ," ಎಂದ. ಮುಂದೆ ಕುಳಿತ ಅಯೂಬ ಗಾಡಿಯ ವೇಗ ಇಳಿಸಿದ. ಇವನನ್ನು ಇಳಿಸಬೇಕಾಗಬಹುದು ಎಂದುಕೊಂಡನೋ ಏನೋ.

ಗೌರಾಬಾಯಿ ನಾಯಿಯ ಮೇಲೆ ಸರಿದಿದ್ದ ಗೋಣಿಚೀಲವನ್ನು ಎಳೆದು ಸರಿಮಾಡಿದಳು.

"ಬಸಗೊಂಡ ನಮ್ಮ ಮನ್ಯಾಗ ಹದಿನೈದು ವರ್ಷ ಚಾ ಕುಡದಾನ," ಎಂದಳು. "ದವಾಖಾನಿಗೆ ಒಯ್ಯಿ ಅಂತ ಮುಂಜಾನಿ ಫೋನಿನ್ಯಾಗ ಹೇಳಿದಾಂವನೂ ಅವನ." ಆಮೇಲೆ ಇವನ ಕಡೆ ತಿರುಗಿದಳು. "ಅಂವ ಕದ್ದ. ಡಾಕ್ಟರ ಮುಚ್ಚಿದ. ನೀ ಕಣ್ಣ ಮುಚ್ಚಿದಿ. ಮೂರು ಮಂದ್ಯಾಗ ನೀ ಒಬ್ಬಾಂವ ನನ್ನ ಮುಂದ ಬಂದು ಕುಂತೀದಿ, ಅದಕ್ಕ ಮೂವರ ಬೈಗಳಾನೂ ನಿನಗ ಬೀಳತಾವ. ತಡಕೊಂತೀಯಿಲ್ಲೋ?"

"ತಡಕೊಂತೇನಬೇ."

ಬೈದಳು. ಘೋಣಸಗಿ ಬರುವತನಕ ಬೈದಳು. ಅವನ ಓದು, ಅವನ ಸಹಿ, ಅವನನ್ನು ಹೆತ್ತ ಹೊಟ್ಟೆ, ಯಾವುದನ್ನೂ ಬಿಡಲಿಲ್ಲ. ತೋಟದ ಅಂಚಿನಲ್ಲಿ ಟಂಟಂ ನಿಂತಾಗ ಅವಳೇ ಒಳಗೆ ಹೋಗಿ ಗುದ್ದಲಿ ತಂದು ಅವನ ಮುಂದೆ ಹಿಡಿದಳು.

ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಕಾಕಾ. ತೆಗೆಯಲಿಲ್ಲ. ಕೆಂಪು ಮಸಾರಿ ನೆಲ ಗಟ್ಟಿಯಿತ್ತು. ಮೊಣಕಾಲುದ್ದ ಅಗೆದು, ಅಂಗೈಯ ಬೊಬ್ಬೆ ನೋಡಿಕೊಂಡು, ಸಾಕೇ ಎಂಬಂತೆ ತಲೆ ಎತ್ತಿದ.

"ಇನ್ನೂ ಆಳ," ಎಂದಳು ಗೌರಾಬಾಯಿ. "ನರಿ ಕೆದರ್ತಾವ."

ಅವನು ಮತ್ತೆ ಬಗ್ಗಿದ.