ಕಾಕುವಿನ ಚಿನಿಗುಲಾಬಿ

ಮುರಿದ ಎಲೆಯ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮಗಳು ರಾಯಬಾಗದ ತನ್ನ ಹೊಸ ಮನೆಯ ಮುಂದೆ ದಪ್ಪೆಲೆಯ ಸಸಿಗಳನ್ನು ನೆಡುತ್ತಿದ್ದಳು. "ಇದಕ್ಕ ಭಾಳ ನೀರ ಬೇಕಾಗಂಗಿಲ್ಲವ್ವಾ, ತಾನ ಹಬ್ಬಿ ನೆಲಾ ಮುಚ್ಚತೈತಿ," ಎಂದಳು.

ಹಾರೂಗೇರಿಯಲ್ಲಿ ನಾವು ಬಾಡಿಗೆಗಿದ್ದಾಗ ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಎದುರು ಮನೆಯ ಕಾಕು ಕೂಡ ಅಂಗಳದ ತುಂಬ ಇದೇ ಚಿನಿಗುಲಾಬಿ ಹಬ್ಬಿಸಿದ್ದರು. ಮೊಣಕಾಲು ನೋವಿನಿಂದ ಬಗ್ಗಿ ಸೆಗಣಿ ಸಾರಿಸಲು ಅವರಿಗೆ ಆಗುತ್ತಿರಲಿಲ್ಲ, ಅದಕ್ಕೇ. ಹೂ ಅರಳಿದಾಗ ಓಣಿಯವರೆಲ್ಲ ನಿಂತು ನೋಡುವವರೇ.

ಓಣಿ ಮುಗಿದಲ್ಲಿ ಕಬ್ಬಿನ ಹೊಲ. ಕಬ್ಬು ಕಡಿಯುತ್ತ ಬಂದಂತೆ ಒಳಗಿನ ಜೀವಗಳೆಲ್ಲ ಕಡಿಯದೆ ಉಳಿದ ಕೊನೆಯ ಪಟ್ಟಿಗೆ ಸೇರುತ್ತವೆ, ಅದನ್ನು ಕಡಿದ ದಿನ ಹೊರಬೀಳುತ್ತವೆ. ಅವತ್ತು ಮಕ್ಕಳನ್ನು ಯಾರೂ ಹೊರಗೆ ಬಿಡುತ್ತಿರಲಿಲ್ಲ. ಹಾವು ಎಂದು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ, ಹುಳ ಎನ್ನುತ್ತಿದ್ದರು. ಸಾರಿಸಿದ ಅಂಗಳದಲ್ಲಾದರೆ ಅದು ಹಾಯ್ದು ಹೋಗುವುದು ಕಾಣುತ್ತಿತ್ತು. ಆ ತಂಪು ಎಲೆಗಳ ಅಡಿ ಏನು ಕಂಡೀತು... ನಮಗಾರಿಗೂ ಇದು ಹೊಳೆದಿರಲಿಲ್ಲ.

ಕೊನೆಯ ಪಟ್ಟಿ ಕಡಿದ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಆಗಷ್ಟೇ ನಡೆಯಲು ಕಲಿತಿದ್ದ ಮಗಳು ಯಾವಾಗ ಬಾಗಿಲು ದಾಟಿದಳೋ... ಹೊರಗೆ ಬಂದು ನೋಡಿದರೆ ಕಾಕುವಿನ ಹೂಗಳ ನಡುವೆ ಕುಳಿತಿದ್ದಳು. ಗಾಳಿಯಿರಲಿಲ್ಲ. ಆದರೂ ಅವಳ ಮಗ್ಗುಲಲ್ಲಿ ಹೂಗಳು ಅಲ್ಲಾಡುತ್ತಿದ್ದವು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಕಟ್ಟೆಯ ಮೇಲಿದ್ದ ಕಾಕು ಗಾಬರಿಯಿಂದ ಚೀರಲಿಲ್ಲ. "ಅಲ್ಲೇ ಕುಂದ್ರ ನನ್ನ ಬಂಗಾರಾ, ನಾ ಬಂದೆ," ಎನ್ನುತ್ತ ಬರಿಗಾಲಲ್ಲೇ ಹೂಗಳೊಳಗೆ ನಡೆದರು. ಮಗುವನ್ನು ಎತ್ತಿ ತಂದು ನನ್ನ ಮಡಿಲಿಗೆ ಹಾಕಿದರು.

"ಮೊದಲ ಹುಡುಗೀ ಕಾಲ ನೋಡ," ಎಂದರು.

ನೋಡಿದೆ. ಕೈ, ಕಾಲು, ಬೆನ್ನು... ಒಂದು ಗೀರೂ ಇರಲಿಲ್ಲ. ಓಡಿ ಬಂದ ಓಣಿಯವರೂ ಮಗುವನ್ನೇ ನೋಡಿದರು. ಕಾಕು ಕಟ್ಟೆಗೆ ಒರಗಿದಾಗಲೇ ಅವರ ಪಾದದ ಮೇಲಿನ ಹಲ್ಲಿನ ಗುರುತು ಕಣ್ಣಿಗೆ ಬಿದ್ದದ್ದು. ಜೀಪು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಇದನ್ನು ಮಗಳಿಗೆ ಇಷ್ಟು ವರ್ಷ ಹೇಳಿರಲಿಲ್ಲ, ಅವಳ ಎದೆಗೇಕೆ ಭಾರ ಎಂದು. ಮೊನ್ನೆ ಹೇಳಿದೆ. ಸಸಿ ಹಿಡಿದ ಕೈ ಹಾಗೇ ನಿಂತಿತು.

"ನನಗ ಅವರ ಮುಖಾನೂ ನೆನಪಿಲ್ಲಲ್ಲವ್ವಾ," ಎಂದಳು.

ನನಗೆ ನೆನಪಿದೆ. ಆದರೆ ಕಣ್ಣು ಮುಚ್ಚಿದರೆ ಮುಖಕ್ಕಿಂತ ಮೊದಲು ಕಾಣುವುದು ಆ ಎಲೆಗಳೊಳಗೆ ನಡೆದು ಹೋಗುವ ಬರಿಗಾಲುಗಳು. ಹೋಗಬ್ಯಾಡ್ರಿ ಕಾಕು ಎಂದು ಕೂಗಲು ಬಾಯಿ ತೆರೆಯುತ್ತೇನೆ... ಕೂಗಿದರೆ ಮಗಳು ಉಳಿಯುವುದಿಲ್ಲ. ಕೂಗುವುದಿಲ್ಲ.