ಮಾದರಿಗೆ ಒಂದು ನೇಮಕಾತಿ ಪತ್ರ

ಹರಿಹರದ ಕಂಪ್ಯೂಟರ್ ಕ್ಲಾಸಿನ ಕೀರ್ತನಾ ಮೇಡಂ ಅಂದರೆ ಕೀಬೋರ್ಡಿಗೂ ನಡುಕ. ಡಿಗ್ರಿ ಮುಗಿಸಿ ಬಂದವರನ್ನೆಲ್ಲ ಸಾಲಾಗಿ ಕೂರಿಸಿ, "ಬರೀ ಮಾರ್ಕ್ಸ್ ಕಾರ್ಡ್ ಹಿಡ್ಕಂಡು ಹೋದ್ರೆ ಗೇಟಿನಾಗೇ ನಿಲ್ಲಿಸ್ತಾರೆ, ಕೈಯಾಗೆ ಏನರ ಒಂದು ವಿದ್ಯೆ ಇರ್ಲಿ" ಎಂದು ಗದರುತ್ತಾಳೆ. ತನ್ನವೇ ಹನ್ನೊಂದು ಸರ್ಟಿಫಿಕೇಟು ತೋರಿಸುತ್ತಾಳೆ. ಕಲಿತವರು ಹತ್ತಿರದ ಕರೂರಿನ ಫ್ಯಾಕ್ಟರಿ ಆಫೀಸುಗಳಿಗೆ ಸೇರಿ ಪೇಡೆ ತಂದರೆ, "ನಾ ಹೇಳಿರ್ಲಿಲ್ವೇನ್ರಿ?" ಎಂದು ಬೀಗುತ್ತಾಳೆ. ಆರು ವರ್ಷದಿಂದ ತಾನೂ ಅದೇ ಆಫೀಸುಗಳಿಗೆ ಅರ್ಜಿ ಹಾಕುತ್ತಿರುವುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಪತ್ರ ಟೈಪು ಮಾಡುವ ಪಾಠಕ್ಕೆ ಪ್ರತಿ ಬ್ಯಾಚಿಗೂ ಮಾದರಿಯಾಗಿ ನೇಮಕಾತಿ ಪತ್ರವೇ ಆಗಬೇಕು. ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೇ ಹೊಡೆದು, ಒಮ್ಮೆ ನಿಧಾನಕ್ಕೆ ಓದಿಕೊಳ್ಳುತ್ತಾಳೆ. "ಸೇವ್ ಮಾಡ್ಲೇನ್ರಿ ಮೇಡಂ?" ಎಂದು ಯಾರಾದರೂ ಕೇಳಿದರೆ, "ಬ್ಯಾಡ, ಅದು ಬರೀ ಪ್ರಾಕ್ಟೀಸಿಗೆ" ಎನ್ನುತ್ತಾಳೆ.