ಮೇಲಿನ ಓಣಿಗೆ ನಳ, ಕೆಳಗಿನ ಓಣಿಗೆ ಸಾಲ

ಕಳೆದ ವಾರ ತುಂಬಿದ ಸಭೆಯಲ್ಲಿ ಅಕ್ಕನ ಸೆರಗು ಹಿಡಿದು ಜಗ್ಗಿದೆ. "ಸುಮ್ನ ಕೂಡಬೇ ಅಕ್ಕಾ" ಅಂದೆ. ನನ್ನ ಕೈಗೆ ಪಟ್ಟನೆ ಒಂದು ಕೊಟ್ಟು ಎದ್ದು ನಿಂತೇ ಬಿಟ್ಟಳು.

ಶಾಂತಕ್ಕ ನನ್ನ ಸ್ವಂತ ಅಕ್ಕ. ಸಿಂದಗಿ ಕಡೆಯ ಒಂದು ಊರಿಗೆ ಕೊಟ್ಟಿದ್ದೇವೆ. (ಊರಿನ ಹೆಸರು ಬರೆದರೆ ಮುಂದಿನ ಸಲ ನನಗೆ ಅಲ್ಲಿ ಊಟ ಸಿಗುವುದಿಲ್ಲ.) ಮುದ್ದೇಬಿಹಾಳದಿಂದ ಬಸ್ಸು ಹಿಡಿದು ನೋಡಲು ಹೋಗಿದ್ದೆ. ಅವತ್ತೇ ಚಾವಡಿಯಲ್ಲಿ ಪಂಚಾಯತಿ ಮೀಟಿಂಗು. ನನ್ನನ್ನೂ ಎಳೆದುಕೊಂಡು ಹೋದಳು.

ವಿಷಯ ಇಷ್ಟು. ಪಂಚಾಯತಿಯವರು ಸರಕಾರದ ಸಾಲ ತಂದು ನೀರಿನ ಟಾಕಿ ಕಟ್ಟಿಸಿದ್ದಾರೆ. ಸಾಲ ತೀರಿಸಲು ಎಲ್ಲ ಮನೆಗೂ ನಳಪಟ್ಟಿ ಅಂತ ನೀರಿನ ತೆರಿಗೆ ಹಾಕಿದ್ದಾರೆ. ಆದರೆ ಪೈಪು ಮೇಲಿನ ಓಣಿಗೆ ಬಂದು ನಿಂತುಬಿಟ್ಟಿದೆ. ಕೆಳಗಿನ ಓಣಿಯ ಅಕ್ಕ ಇನ್ನೂ ಬಾವಿಯಿಂದಲೇ ನೀರು ಹೊರುತ್ತಾಳೆ, ಪಟ್ಟಿಯನ್ನೂ ಕಟ್ಟುತ್ತಾಳೆ! ಇಷ್ಟರಲ್ಲಿ ಚೇರಮನ್ನರಿಗೆ ಇನ್ನೊಂದು ಸಾಲ ಬೇಕಂತೆ. ಯಾತಕ್ಕೆ? ಚಾವಡಿ ಮುಂದೆ ಕಾರಂಜಿಗೆ!

"ಅಂಜಬ್ಯಾಡ್ರಿ, ತೀರಸಾಕ ಇಪ್ಪತ್ತು ವರ್ಷ ಟೈಮ್ ಐತಿ" ಅಂದರು ಚೇರಮನ್ನರು.

ಅಕ್ಕ ಎದ್ದದ್ದು ಆಗಲೇ. "ಇಪ್ಪತ್ತು ವರ್ಷ ನೀವು ಈ ಖುರ್ಚಿ ಮ್ಯಾಲ ಇರ್ತೀರೇನ್ರಿ? ಹೊರಗ ಗೋಲಿ ಆಡಾಕತ್ತಾವಲ್ಲ, ಆ ಹುಡುಗರು ಕಟ್ಟಬೇಕೇನು?"

ಸಭೆ ಗೊಳ್ಳೆಂದು ನಕ್ಕಿತು. ಚೇರಮನ್ನರೂ ನಕ್ಕರು (ಮನುಷ್ಯ ಒಳ್ಳೆಯವರು). "ಆತವ್ವಾ, ಕಾರಂಜಿ ಬ್ಯಾಡ. ಆದ್ರ ಹಳೇ ಸಾಲದ ಕಂತು ತಪ್ಪಸಾಕ ಬರೂದಿಲ್ಲ. ನಿಮ್ಮ ಓಣಿ ಪಟ್ಟಿ ಬಿಟ್ರ ಯಾರು ತುಂಬೋರು?"

"ಮನಿಯೊಳಗ ನಳ ಹಾಕಿಸ್ಕೊಂಡೋರು ಸ್ವಲ್ಪ ಹೆಚ್ಚು ಕೊಡ್ಲಿ. ನಮಗ ನೀರು ಬಂದ ದಿನದಿಂದ ನಾವೂ ಕಟ್ತೇವಿ. ಒಂದು ಪೈಸೆ ಉಳಿಸ್ಕೊಳ್ಳೂದಿಲ್ರಿ."

ಚೇರಮನ್ನರಿಗೆ ಮನೆಯಲ್ಲೊಂದು, ದನದ ಕೊಟ್ಟಿಗೆಯಲ್ಲೊಂದು ನಳ! ಎಲ್ಲರೂ ಅವರನ್ನೇ ನೋಡಿದರು. ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಮೊದಲ ನಂದಽ ಹೆಚ್ಚು ಮಾಡ್ರಿ. ಎಮ್ಮಿಗೋಳು ಭಾಳ ನೀರು ಕುಡದಾವ."

ಠರಾವು ಪಾಸಾಯಿತು. ನಳ ಇದ್ದವರು ಹೆಚ್ಚು ಪಟ್ಟಿ ಕಟ್ಟುವುದು, ಕೆಳಗಿನ ಓಣಿಗೆ ಪೈಪು ಹಾಕುವುದು, ನೀರು ಬರುವತನಕ ಅವರಿಗೆ ಪಟ್ಟಿ ಇಲ್ಲ, ಈ ಸಾಲ ತೀರುವತನಕ ಇನ್ನೊಂದು ಸಾಲ ಬೇಡ. ಹಿಂದಿನ ಸಾಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ಸೆರಗು ಜಗ್ಗಿದ ನಾನೇ ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ರೇಡಿಯೋದಲ್ಲಿ ದಿಲ್ಲಿಯ ಸಾಲ, ಬೆಂಗಳೂರಿನ ಸಾಲ ಅಂತ ಕೇಳುತ್ತೇವೆ. ಯಾರದೋ ಮನೆಯ ಸುದ್ದಿ ಅನ್ನುವ ಹಾಗೆ ರೇಡಿಯೋದ ಕಿವಿ ತಿರುವಿ ಬಂದ್ ಮಾಡುತ್ತೇವೆ. ಸರಕಾರ ಸಾಲ ಮಾಡುವುದೇ ತಪ್ಪಲ್ಲ. ಟಾಕಿ ಸುಮ್ಮನೆ ಮೇಲೇಳುತ್ತದೆಯೇ? ಆದರೆ ನೀರು ಕುಡಿಯುವವರು ಯಾರು, ಕಟ್ಟುವವರು ಯಾರು ಅಂತ ಕೇಳಬೇಕಲ್ಲ.

ಅಂದ ಹಾಗೆ, ನಿಮ್ಮ ಊರಿನ ಹೆಸರಿನಲ್ಲಿ ಎಷ್ಟು ಸಾಲ ಇದೆ, ಯಾವತ್ತಾದರೂ ಕೇಳಿದ್ದೀರಾ?